6100 ಕೊಳ್ಳೋದಾ, 6400 ಕೊಳ್ಳೋದಾ?

(ನಮ್ಮ ವೇದಿಕೆಯ ಛಾಯಾಗ್ರಹಣ ಬಳಗದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಬಳಗದಲ್ಲಿ ಒಂದು ಪ್ರಶ್ನೆ ತಿರುಗಿ ತಿರುಗಿ ಬರ್ತಾ ಇದೆ. "ಅಣ್ಣಾ, ಮೊದಲನೇ ಕ್ಯಾಮೆರಾ ತಗೋಬೇಕು ಅಂತಿದೀನಿ. ಸೋನಿ 6100 ತಗೊಳ್ಳಲಾ, 6400 ತಗೊಳ್ಳಲಾ? ನೋಡೋಕೆ ಎರಡೂ ಒಂದೇ ಥರ ಇವೆ. ಅಂಗಡಿಯವನು 6400 ಅಂತಾನೆ, ರೂಮ್‌ಮೇಟ್ 6100 ಸಾಕು ಅಂತಾನೆ." ಒಬ್ಬೊಬ್ಬರಿಗೆ ಫೋನಿನಲ್ಲಿ ಉತ್ತರ ಹೇಳುವ ಬದಲು ಇವತ್ತು ಎಲ್ಲರ ಮುಂದೆ ಇಟ್ಟುಬಿಡೋಣ ಅಂತ ಈ ವಿಷಯ ಆರಿಸಿಕೊಂಡೆ.

ಕ್ಯಾಮೆರಾ ಅನ್ನೋದು ಶೋಕಿ ವಸ್ತು, ಅದಕ್ಕೆ ಇಷ್ಟು ಚರ್ಚೆ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನಮ್ಮ ಲೆಕ್ಕ ಬೇರೆ. ನಾವು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಊರಿಗೆ ಹೋಗ್ತೀವಿ. ಸಿಗೋದು ಮೂವತ್ತು ದಿನ, ಹೆಚ್ಚಂದ್ರೆ ನಲವತ್ತೈದು. ಆ ದಿನಗಳಲ್ಲೇ ಮಗುವಿನ ನಾಮಕರಣ, ತಂಗಿಯ ಮದುವೆ, ಅಜ್ಜಿಯ ಜತೆ ಜಗಲಿಯಲ್ಲಿ ಕೂತು ಮಾತಾಡೋದು, ಎಲ್ಲಾ ಮುಗೀಬೇಕು. ಉಳಿದ ಹನ್ನೊಂದು ತಿಂಗಳು ಬಂಕ್ ಬೆಡ್ ಮೇಲೆ ಮಲಗಿ ನೋಡೋದು ಆ ಫೋಟೋಗಳನ್ನೇ. ಅದು ಮಸುಕಾಗಿ ಬಂದಿದ್ರೆ ಮತ್ತೆ ತೆಗೆಯೋಕೆ ಆಗಲ್ಲ. ಇನ್ನೊಂದು ಕಡೆ, ಕ್ಯಾಮೆರಾಕ್ಕೆ ಹಾಕುವ ದುಡ್ಡು ಊರಿಗೆ ಕಳಿಸುವ ದುಡ್ಡಿನಿಂದಲೇ ಕಡಿಮೆ ಆಗುವಂಥದ್ದು. ಹಾಗಾಗಿ ಎಲ್ಲಿ ಕೊಡಬೇಕು, ಎಲ್ಲಿ ಉಳಿಸಬೇಕು ಅನ್ನೋದು ಗೊತ್ತಿರಬೇಕು.

ಮೊದಲು ಎರಡರಲ್ಲೂ ಒಂದೇ ಆಗಿರೋದೇನು ಅಂತ ನೋಡೋಣ. ಎರಡೂ 2019ರಲ್ಲಿ ಬಂದವು. ಜನವರಿಯಲ್ಲಿ 6400, ಆಗಸ್ಟ್‌ನಲ್ಲಿ 6100. ಎರಡರಲ್ಲೂ ಎಪಿಎಸ್-ಸಿ ಅಳತೆಯ 24.2 ಮೆಗಾಪಿಕ್ಸೆಲ್ ಸೆನ್ಸರ್. ಫೋಕಸ್ ಮಾಡೋಕೆ ಎರಡರಲ್ಲೂ 425 ಬಿಂದುಗಳು. ಕಣ್ಣನ್ನು ಹುಡುಕಿ ಹಿಡಿದು, ವ್ಯಕ್ತಿ ಓಡಾಡಿದರೂ ಬಿಡದೆ ಹಿಂಬಾಲಿಸುವ ವ್ಯವಸ್ಥೆ ಎರಡರಲ್ಲೂ ಇದೆ. ಸೆಕೆಂಡಿಗೆ 11 ಫೋಟೋ ಎರಡೂ ತೆಗೀತವೆ. ಎರಡರಲ್ಲೂ 4ಕೆ ವಿಡಿಯೋ, ಮೈಕ್ ಹಾಕುವ ಜಾಗ, ಮೇಲಕ್ಕೆ ಎತ್ತಿ ನಮ್ಮ ಮುಖದ ಕಡೆ ತಿರುಗಿಸಬಹುದಾದ ಟಚ್ ಸ್ಕ್ರೀನ್, ಚಿಕ್ಕ ಫ್ಲ್ಯಾಶ್. ಬ್ಯಾಟರಿಯೂ ಒಂದೇ, ಒಂದು ಚಾರ್ಜಿಗೆ ಸುಮಾರು 400 ಫೋಟೋ. ಬ್ಯಾಟರಿ, ಕಾರ್ಡ್ ಸೇರಿಸಿ ಒಂದು 396 ಗ್ರಾಂ, ಇನ್ನೊಂದು 403 ಗ್ರಾಂ. ವ್ಯತ್ಯಾಸ ಬರೀ ಏಳು ಗ್ರಾಂ.

ಇದರ ಅರ್ಥ ಏನು? ಒಂದೇ ಲೆನ್ಸ್ ಹಾಕಿ, ಒಂದೇ ಜಾಗದಲ್ಲಿ ನಿಂತು, ಎರಡರಲ್ಲೂ ಒಂದೊಂದು ಫೋಟೋ ತೆಗೆದು ನಿಮ್ಮ ಮುಂದಿಟ್ಟರೆ ಯಾವುದು ಯಾವುದರದ್ದು ಅಂತ ಹೇಳೋಕೆ ಆಗಲ್ಲ. ನಿಮಗೂ ಆಗಲ್ಲ, ನನಗೂ ಆಗಲ್ಲ. "6400ರಲ್ಲಿ ಫೋಟೋ ಕ್ಲಿಯರ್ ಬರುತ್ತೆ ಸರ್" ಅಂತ ಯಾರಾದ್ರೂ ಹೇಳಿದರೆ ನಗುನಗುತ್ತಾ ಕೇಳಿಸಿಕೊಂಡು ಮುಂದಿನ ಪ್ರಶ್ನೆ ಕೇಳಿ.

ಹಾಗಾದ್ರೆ ಹೆಚ್ಚಿನ ದುಡ್ಡು ಯಾತಕ್ಕೆ? ಬಿಡುಗಡೆಯಾದಾಗ ಅಮೆರಿಕದಲ್ಲಿ ಬರೀ ಬಾಡಿಗೆ 6400 ಸುಮಾರು 900 ಡಾಲರ್, 6100 ಸುಮಾರು 750 ಡಾಲರ್ ಇತ್ತು. ವ್ಯತ್ಯಾಸ 150 ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 550 ದಿರ್ಹಂ. ಇವತ್ತಿನ ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆ ಇರುತ್ತೆ, ಆದ್ರೆ ಈ ಅಂತರ ಯಾವುದಕ್ಕೆ ಅನ್ನೋದು ಬದಲಾಗಿಲ್ಲ. ಮುಖ್ಯವಾಗಿ ಮೂರು ವಿಷಯ.

ಒಂದನೆಯದು, ವ್ಯೂಫೈಂಡರ್. ಅಂದ್ರೆ ಕಣ್ಣಿಟ್ಟು ನೋಡುವ ಚಿಕ್ಕ ಕಿಂಡಿ. 6400ರಲ್ಲಿ ಅದು 23.6 ಲಕ್ಷ ಚುಕ್ಕಿಗಳದ್ದು, 6100ರಲ್ಲಿ 14.4 ಲಕ್ಷ. ಫೋಟೋದ ಗುಣಮಟ್ಟಕ್ಕೂ ಇದಕ್ಕೂ ಸಂಬಂಧ ಇಲ್ಲ. ತೆಗೆಯುವಾಗ ನಿಮಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತೆ ಅನ್ನೋದಷ್ಟೇ. ಆದ್ರೆ ಇದನ್ನು ಸಣ್ಣದು ಅಂತ ತಳ್ಳಿಹಾಕಬೇಡಿ. ಅಲ್ ಕುದ್ರಾ ಕೆರೆಗಳ ಹತ್ತಿರ ಹಕ್ಕಿ ಫೋಟೋ ತೆಗೆಯೋಕೆ ಹೋಗುವವರಿಗೆ ಗೊತ್ತು, ಬೆಳಗ್ಗೆ ಒಂಬತ್ತು ಗಂಟೆ ದಾಟಿದರೆ ಹಿಂದಿನ ಸ್ಕ್ರೀನಿನಲ್ಲಿ ಏನೂ ಕಾಣಲ್ಲ, ನಮ್ಮ ಮುಖವೇ ಕಾಣುತ್ತೆ. ಅಲ್ಲಿ ವ್ಯೂಫೈಂಡರೇ ಗತಿ. ದಿನಕ್ಕೆ ನೂರಾರು ಸಲ ಕಣ್ಣಿಡುವವರಿಗೆ, ಅದರಲ್ಲೂ ಕನ್ನಡಕ ಹಾಕುವವರಿಗೆ, 6400 ಆರಾಮ. ಫೋನಿನ ಅಭ್ಯಾಸದಿಂದ ಸ್ಕ್ರೀನ್ ನೋಡಿಯೇ ತೆಗೆಯುವವರಿಗೆ ಈ ವ್ಯತ್ಯಾಸ ಇದ್ದೂ ಇಲ್ಲದ ಹಾಗೆ.

ಎರಡನೆಯದು, ಮೈ. 6400ದು ಮೆಗ್ನೀಸಿಯಂ ಮಿಶ್ರಲೋಹದ ದೇಹ. ಧೂಳು ಮತ್ತು ತೇವ ಸುಲಭಕ್ಕೆ ಒಳಗೆ ಹೋಗದ ಹಾಗೆ ಸಂದುಗಳನ್ನು ಬಿಗಿ ಮಾಡಿದ್ದಾರೆ. 6100ದು ಗಟ್ಟಿ ಪ್ಲಾಸ್ಟಿಕ್, ಆ ರಕ್ಷಣೆ ಇಲ್ಲ. ಮರಳು ಇರುವ ದೇಶದಲ್ಲಿ ಇದು ದೊಡ್ಡ ವಿಷಯ ಅನ್ನಿಸುತ್ತೆ, ಅಲ್ವಾ? ಇಲ್ಲಿ ಒಂದು ಮಾತು ಸೇರಿಸಬೇಕು. ಈ ಕ್ಯಾಮೆರಾಗಳ ಜತೆ ಬರುವ 16-50 ಕಿಟ್ ಲೆನ್ಸ್‌ಗೆ ಧೂಳಿನ ರಕ್ಷಣೆ ಇಲ್ಲ. ಬಾಗಿಲು ಭದ್ರ ಮಾಡಿ ಕಿಟಕಿ ತೆಗೆದಿಟ್ಟ ಹಾಗೆ. ಶಮಾಲ್ ಗಾಳಿ ಬೀಸುವ ದಿನ ಎರಡನ್ನೂ ಚೀಲದಿಂದ ತೆಗೆಯದೇ ಇರೋದೇ ವಾಸಿ. ಸೈಟಿನಲ್ಲಿ ಕೆಲಸದ ಪ್ರಗತಿ ಫೋಟೋ ತೆಗೆಯುವವರು, ಮರುಭೂಮಿಯಲ್ಲಿ ವಾರವಾರ ಸುತ್ತುವವರು 6400 ತಗೊಳ್ಳಲಿ, ಮುಂದೆ ರಕ್ಷಣೆ ಇರುವ ಲೆನ್ಸನ್ನೂ ಹೊಂದಿಸಿಕೊಳ್ಳಲಿ. ಹಾಗೆ ಮಾಡಿದರೆ ಮಾತ್ರ ಆ ದುಡ್ಡಿಗೆ ಪೂರ್ತಿ ಬೆಲೆ. ನೆನಪಿರಲಿ, ಇದು ಧೂಳು ತಡೆಯುವ ಪ್ರಯತ್ನ ಅಷ್ಟೇ, ನೀರಿನಲ್ಲಿ ಅದ್ದೋಕೆ ಕೊಟ್ಟ ಪರವಾನಗಿ ಅಲ್ಲ.

ಮೂರನೆಯದು, ವಿಡಿಯೋ. 6400ರಲ್ಲಿ ಎಸ್-ಲಾಗ್, ಎಚ್‌ಎಲ್‌ಜಿ ಅಂತ ಬಣ್ಣದ ಪ್ರೊಫೈಲ್‌ಗಳಿವೆ. ಎಸ್-ಲಾಗ್‌ನಲ್ಲಿ ತೆಗೆದ ವಿಡಿಯೋ ಮೊದಲು ಪೇಲವವಾಗಿ, ಬೂದು ಬಳಿದ ಹಾಗೆ ಕಾಣುತ್ತೆ. ಆಮೇಲೆ ಕಂಪ್ಯೂಟರಿನಲ್ಲಿ ಕೂತು ಬಣ್ಣ ತುಂಬಿಸಬೇಕು. ಆ ಕೆಲಸ ಕಲಿತವರಿಗೆ ಇದು ಬೇಕು. "ತೆಗೆದ ತಕ್ಷಣ ವಾಟ್ಸಾಪಿಗೆ ಹಾಕ್ತೀನಿ" ಅನ್ನುವವರಿಗೆ ಬೇಡವೇ ಬೇಡ. ಇದು ಬಿಟ್ಟರೆ ವಿಡಿಯೋ ಎರಡರಲ್ಲೂ ಒಂದೇ. ಒಳ್ಳೆಯದೂ ಒಂದೇ, ಕೆಟ್ಟದ್ದೂ ಒಂದೇ. ಬೇಗ ಬೇಗ ಕ್ಯಾಮೆರಾ ತಿರುಗಿಸಿದರೆ ಎರಡರಲ್ಲೂ ನೇರ ಕಂಬಗಳು ವಾಲಿದ ಹಾಗೆ ಕಾಣ್ತವೆ. ಫ್ಲ್ಯಾಶ್ ಹಾಕುವ ಜಾಗದಲ್ಲಿ ಮೈಕ್ ಕೂರಿಸಿದರೆ ಎರಡರಲ್ಲೂ ಮೇಲಕ್ಕೆತ್ತಿದ ಸ್ಕ್ರೀನ್ ಅದರ ಹಿಂದೆ ಮರೆಯಾಗುತ್ತೆ. ರೀಲ್ಸ್ ಮಾಡುವವರು ಮೈಕನ್ನು ಪಕ್ಕಕ್ಕೆ ಹಾಕುವ ಒಂದು ಪಟ್ಟಿ ತಗೋಬೇಕಾಗುತ್ತೆ.

ಡಬ್ಬಿಯ ಮೇಲೆ ಇನ್ನೊಂದು ಅಂಕಿ ನೋಡ್ತೀರಿ. ಐಎಸ್‌ಒ 6400ರಲ್ಲಿ 1,02,400ರವರೆಗೆ, 6100ರಲ್ಲಿ 51,200ರವರೆಗೆ. ಐಎಸ್‌ಒ ಅಂದ್ರೆ ಕತ್ತಲಲ್ಲಿ ಬೆಳಕನ್ನು ಎಷ್ಟು ಹಿಗ್ಗಿಸಬಹುದು ಅನ್ನೋದು. ಎಳೆದು ಎಳೆದು ಆ ಮಟ್ಟಕ್ಕೆ ಹೋದರೆ ಎರಡರಲ್ಲೂ ಚಿತ್ರದ ಮೇಲೆ ರವೆ ಚೆಲ್ಲಿದ ಹಾಗೆ ಕಾಳುಕಾಳು. ಸೆನ್ಸರ್ ಎರಡರದ್ದೂ ಒಂದೇ ಥರದ್ದು. ಆ ಅಂಕಿ ನೋಡಿ ದುಡ್ಡು ಕೊಡಬೇಡಿ.

ಇಲ್ಲಿವರೆಗೆ ಹೇಳಿದ್ದು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದು. ಈಗ ಎರಡರಲ್ಲೂ ಇಲ್ಲದ್ದನ್ನು ಹೇಳ್ತೀನಿ. ನನ್ನ ಪ್ರಕಾರ ನಮ್ಮಂಥವರಿಗೆ ಇದೇ ಮುಖ್ಯ.

ಊರಿನ ಮನೆ ನೆನಪು ಮಾಡಿಕೊಳ್ಳಿ. ಸಂಜೆ ಏಳು ಗಂಟೆ, ಹಜಾರದಲ್ಲಿ ಒಂದು ಟ್ಯೂಬ್‌ಲೈಟ್. ಅಡುಗೆಮನೆಯಲ್ಲಿ ಅದೂ ಮಂಕು. ದೇವರ ಮನೆಯಲ್ಲಿ ಎರಡು ದೀಪ. ನಮಗೆ ಬೇಕಾದ ಫೋಟೋಗಳೆಲ್ಲಾ ಇರೋದು ಇಲ್ಲೇ. ಕಿಟ್ ಲೆನ್ಸನ್ನು ಪೂರ್ತಿ ಝೂಮ್ ಮಾಡಿದರೆ ಅದರ ಕಿಂಡಿ ತೆರೆಯೋದು ಎಫ್ 5.6ರವರೆಗೆ ಮಾತ್ರ. ಮಗು ಅಲುಗಾಡಿದರೂ ಮಸುಕಾಗಬಾರದು ಅಂದ್ರೆ ಶಟರ್ ಕನಿಷ್ಠ ಸೆಕೆಂಡಿನ ನೂರನೇ ಒಂದು ಭಾಗ ಇರಬೇಕು. ಆ ಟ್ಯೂಬ್‌ಲೈಟಿನಲ್ಲಿ ಐಎಸ್‌ಒ 12,800ರ ಹತ್ತಿರ ಹೋಗಿ ನಿಲ್ಲುತ್ತೆ. ಫೋಟೋ ಕಾಳುಕಾಳು. ಫ್ಲ್ಯಾಶ್ ಹಾಕಿದರೆ ಮುಖ ಸುಣ್ಣ ಬಳಿದ ಹಾಗೆ, ಹಿಂದೆ ಗೋಡೆ ಮೇಲೆ ಕಪ್ಪು ನೆರಳು. 6100 ಇರಲಿ 6400 ಇರಲಿ, ಕಥೆ ಇಷ್ಟೇ. ಬಾಡಿಯೊಳಗೆ ಕೈನಡುಕ ತಡೆಯುವ ವ್ಯವಸ್ಥೆಯೂ ಎರಡರಲ್ಲೂ ಇಲ್ಲ.

ಈಗ ಅದೇ ಬಾಡಿಗೆ ಎಫ್ 1.4 ಲೆನ್ಸ್ ಹಾಕಿ. 5.6ಕ್ಕೆ ಹೋಲಿಸಿದರೆ 1.4 ಹದಿನಾರು ಪಟ್ಟು ಬೆಳಕು ಬಿಡುತ್ತೆ. ಅದೇ ಶಟರ್, ಅದೇ ಟ್ಯೂಬ್‌ಲೈಟ್. ಐಎಸ್‌ಒ 12,800 ಇದ್ದದ್ದು 800ಕ್ಕೆ ಇಳಿಯುತ್ತೆ. 800ರಲ್ಲಿ ಎರಡೂ ಕ್ಯಾಮೆರಾ ಅಚ್ಚುಕಟ್ಟಾದ ಫೋಟೋ ಕೊಡ್ತವೆ. ಅಮ್ಮನ ಮುಖದ ಒಂದೊಂದು ಗೆರೆಯೂ ಕಾಣುತ್ತೆ. ಐನೂರೈವತ್ತು ದಿರ್ಹಂ ಹೆಚ್ಚು ಕೊಟ್ಟು ಬಾಡಿ ಬದಲಿಸಿದರೆ ಈ ಬದಲಾವಣೆ ಸಿಗಲ್ಲ, ಲೆನ್ಸ್ ಬದಲಿಸಿದರೆ ಸಿಗುತ್ತೆ.

ಹಾಗಂತ ಆ ಅಂತರದ ದುಡ್ಡಿನಲ್ಲೇ ಲೆನ್ಸ್ ಬಂದುಬಿಡುತ್ತೆ ಅಂತ ನಾನು ಹೇಳಲ್ಲ. ಈ ಕ್ಯಾಮೆರಾಗಳಿಗೆ ಹೊಂದುವ ಸಿಗ್ಮಾ 30 ಎಂಎಂ ಎಫ್ 1.4 ಲೆನ್ಸ್ 2016ರಲ್ಲಿ ಬಂದಾಗ 339 ಡಾಲರ್ ಇತ್ತು, ಅಂದ್ರೆ ಸುಮಾರು 1,245 ದಿರ್ಹಂ. ನಾವು ಉಳಿಸಿದ್ದು ಅದರ ಅರ್ಧಕ್ಕೂ ಸ್ವಲ್ಪ ಕಡಿಮೆ. ಉಳಿದದ್ದಕ್ಕೆ ಎರಡು ಮೂರು ತಿಂಗಳು ಕಾಯಬೇಕು, ಅಥವಾ ಒಳ್ಳೆ ಸ್ಥಿತಿಯಲ್ಲಿರುವ ಸೆಕೆಂಡ್ ಹ್ಯಾಂಡ್ ಹುಡುಕಬೇಕು. ಕಾದರೂ ಪರವಾಗಿಲ್ಲ. ಊರಿಗೆ ಹೋಗುವ ಟಿಕೆಟ್ ಮುಂಚೆ ಕೈಗೆ ಬಂದರೆ ಸಾಕು.

ಈ ಲೆನ್ಸಿಗೂ ಮಿತಿಗಳಿವೆ, ಅದನ್ನೂ ಕೇಳಿಕೊಳ್ಳಿ. ಇದರಲ್ಲಿ ಝೂಮ್ ಇಲ್ಲ, ಹತ್ತಿರ ಬೇಕು ಅಂದ್ರೆ ನಾವೇ ನಡೆದು ಹೋಗಬೇಕು. ಚಿಕ್ಕ ಕೋಣೆಯಲ್ಲಿ ಹತ್ತು ಜನರ ಕುಟುಂಬದ ಫೋಟೋ ಇದರೊಳಗೆ ಹಿಡಿಸಲ್ಲ. ಅದಕ್ಕೆ ಕಿಟ್ ಲೆನ್ಸಿನ 16 ಎಂಎಂ ತುದಿಯೇ ಬೇಕು, ಹಾಗಾಗಿ ಕಿಟ್ ಲೆನ್ಸನ್ನು ಮಾರಬೇಡಿ. 1.4ರಲ್ಲಿ ಮುಂದೆ ಕೂತ ತಾತ ಸ್ಪಷ್ಟವಾಗಿ, ಹಿಂದೆ ನಿಂತ ಮೊಮ್ಮಗ ಮಬ್ಬಾಗಿ ಬರ್ತಾರೆ. ಇಬ್ಬರೂ ಬೇಕು ಅಂದ್ರೆ 2.8ರವರೆಗೆ ಇಳಿಸಿ. ಇದರಲ್ಲಿ ನಡುಕ ತಡೆಯುವ ವ್ಯವಸ್ಥೆ ಇಲ್ಲ, ನಡೆಯುತ್ತಾ ವಿಡಿಯೋ ಮಾಡಿದರೆ ಅಲುಗುತ್ತೆ. ವಿಡಿಯೋ ಹೆಚ್ಚು ಮಾಡುವವರು ಸೋನಿಯ 35 ಎಂಎಂ ಎಫ್ 1.8 ನೋಡಬಹುದು. ಅದರಲ್ಲಿ ಆ ವ್ಯವಸ್ಥೆ ಇದೆ, ಬೆಲೆ ಜಾಸ್ತಿ.

ಎರಡೂ ಕ್ಯಾಮೆರಾದಲ್ಲಿ ಸದ್ದಿಲ್ಲದ ಶಟರ್ ಇದೆ. ನಾಮಕರಣದಲ್ಲಿ, ಪೂಜೆಯಲ್ಲಿ ಚೆನ್ನಾಗಿರುತ್ತೆ. ಆದ್ರೆ ಛತ್ರದ ಎಲ್‌ಇಡಿ ದೀಪಗಳ ಕೆಳಗೆ ಅದನ್ನು ಬಳಸಿದರೆ ಫೋಟೋದಲ್ಲಿ ಅಡ್ಡಡ್ಡ ಪಟ್ಟೆ ಬೀಳಬಹುದು. ನಮ್ಮಲ್ಲೂ ಇಲ್ಲೂ ಕರೆಂಟು 50 ಹರ್ಟ್ಸ್. ಮಾಮೂಲಿ ಶಟರ್ ಇಟ್ಟು, ವೇಗ ಐವತ್ತನೇ ಅಥವಾ ನೂರನೇ ಒಂದು ಭಾಗಕ್ಕೆ ಇಟ್ಟರೆ ಹೆಚ್ಚಿನ ತೊಂದರೆ ತಪ್ಪುತ್ತೆ. ಇನ್ನು ಸದ್ದಿಲ್ಲ ಅಂತ ಇಲ್ಲಿ ಮಾಲಿನಲ್ಲೋ ಬೀಚಿನಲ್ಲೋ ಗೊತ್ತಿಲ್ಲದವರ ಫೋಟೋ ತೆಗೆಯೋಕೆ ಹೋಗಬೇಡಿ. ಯುಎಇಯಲ್ಲಿ 2022ರ ಜನವರಿಯಿಂದ ಜಾರಿಯಲ್ಲಿರುವ ಸೈಬರ್ ಅಪರಾಧ ಕಾನೂನಿನ ಪ್ರಕಾರ, ಒಪ್ಪಿಗೆ ಇಲ್ಲದೆ ಬೇರೆಯವರ ಖಾಸಗಿತನಕ್ಕೆ ಧಕ್ಕೆ ತರುವ ಫೋಟೋ ತೆಗೆದರೆ ಜೈಲು, ದೊಡ್ಡ ಮೊತ್ತದ ದಂಡ ಎರಡೂ ಬರಬಹುದು. ವೀಸಾ ಮೇಲೆ ಬದುಕುವವರು ನಾವು, ಒಂದು ಫೋಟೋಗಾಗಿ ಕೆಲಸ ಕಳಕೊಳ್ಳೋದು ಬೇಡ. ವಾರಾಂತ್ಯದಲ್ಲಿ ದುಡ್ಡಿಗೆ ಮದುವೆ, ಬರ್ತ್‌ಡೇ ಫೋಟೋ ತೆಗೆಯುವ ಯೋಚನೆ ಇದ್ದವರೂ ಅದಕ್ಕೆ ಬೇಕಾದ ಪರ್ಮಿಟ್ ಮಾಡಿಸಿಕೊಂಡೇ ಇಳಿಯಿರಿ. ಮೊದಲು ಪರ್ಮಿಟ್, ಆಮೇಲೆ ಕ್ಯಾಮೆರಾ.

ಈಗ ಅಂಗಡಿಗೆ ಹೋಗೋಣ. ಬರ್ ದುಬೈಯ ಅಲ್ ಫಹೀದಿ ರಸ್ತೆಯಲ್ಲಿ ಒಂದೇ ಕ್ಯಾಮೆರಾಕ್ಕೆ ಒಂದೊಂದು ಅಂಗಡಿಯಲ್ಲಿ ಒಂದೊಂದು ರೇಟು ಕೇಳ್ತೀರಿ. ರೇಟು ಕಡಿಮೆ ಅಂದ ಕೂಡಲೇ ಪರ್ಸ್ ತೆಗೀಬೇಡಿ. ಮೊದಲನೇ ಪ್ರಶ್ನೆ: ಇದು ಕಂಪನಿ ವಾರಂಟಿಯಾ, ಶಾಪ್ ವಾರಂಟಿಯಾ? ಶಾಪ್ ವಾರಂಟಿ ಅಂದ್ರೆ ಆ ಅಂಗಡಿ ಇರುವವರೆಗೆ, ನೀವು ಈ ಊರಲ್ಲಿ ಇರುವವರೆಗೆ. ಎರಡನೇ ಪ್ರಶ್ನೆ: ಊರಿಗೆ ಒಯ್ದ ಮೇಲೆ ಕೆಟ್ಟರೆ ಅಲ್ಲಿ ವಾರಂಟಿ ನಡೆಯುತ್ತಾ? ಬಾಯಿಮಾತಿನ ಉತ್ತರ ಬೇಡ, ವಾರಂಟಿ ಕಾರ್ಡಿನಲ್ಲಿ ಬರೆದದ್ದನ್ನು ಓದಿ. ಮೂರನೆಯದು, ಅಲ್ಲೇ ಕ್ಯಾಮೆರಾ ಆನ್ ಮಾಡಿ ಮೆನು ನೋಡಿ. ಜಪಾನಿನ ಒಳಮಾರುಕಟ್ಟೆಗೆಂದು ಮಾಡಿದ ಸೋನಿ ಕ್ಯಾಮೆರಾಗಳಲ್ಲಿ ಮೆನು ಜಪಾನಿ ಭಾಷೆಯಲ್ಲಿ ಮಾತ್ರ ಇರುತ್ತೆ, ಇಂಗ್ಲಿಷಿಗೆ ಬದಲಿಸುವ ಆಯ್ಕೆ ಇರಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ತುಂಬಾ ಅಗ್ಗಕ್ಕೆ ಕಂಡರೆ ಮೊದಲು ಇದನ್ನೇ ನೋಡಬೇಕು.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಇನ್ನೊಂದೆರಡು ಪರೀಕ್ಷೆ ಮಾಡಿ. ಬಿಳಿ ಗೋಡೆಯನ್ನು ಎಫ್ 16ರಲ್ಲಿ ತೆಗೆದು ಫೋಟೋ ಹಿಗ್ಗಿಸಿ ನೋಡಿ. ಕಪ್ಪು ಚುಕ್ಕೆಗಳು ಕಂಡರೆ ಸೆನ್ಸರ್ ಮೇಲೆ ಧೂಳು ಇದೆ ಅಂತ ಅರ್ಥ. ಲೆನ್ಸಿನ ಹಿಂದಿನಿಂದ ಫೋನಿನ ಟಾರ್ಚ್ ಬಿಟ್ಟು ಒಳಗೆ ಜೇಡರ ಬಲೆಯಂಥ ಎಳೆ ಇದೆಯಾ ನೋಡಿ. ಇದ್ದರೆ ಅದು ಫಂಗಸ್, ಮುಟ್ಟಬೇಡಿ. ಕಿಟ್ ಲೆನ್ಸ್ ಮೋಟರಿನಲ್ಲಿ ಹೊರಗೆ ಬರುವಂಥದ್ದು. ಅದು ಬಂದು ಹೋಗುವಾಗ ಕರಕರ ಸದ್ದು ಕೇಳಿದರೆ ಮರಳು ಹೊಕ್ಕಿದೆ ಅಂತ ಅನುಮಾನ ಪಡಿ.

ಕೊಂಡ ಮೇಲೆ ನೋಡಿಕೊಳ್ಳೋದು ಎರಡಕ್ಕೂ ಒಂದೇ. ಆಗಸ್ಟ್ ತಿಂಗಳಲ್ಲಿ ಎಸಿ ರೂಮಿನಿಂದ ಹೊರಗೆ ತಂದ ಕೂಡಲೇ ಲೆನ್ಸ್ ಮೇಲೆ ಮಂಜು ಕೂರುತ್ತೆ, ತಣ್ಣನೆ ಲೋಟದ ಹೊರಗೆ ನೀರು ಕೂರುವ ಹಾಗೆ. ಬಟ್ಟೆಯಲ್ಲಿ ಒರೆಸೋಕೆ ಹೋಗಬೇಡಿ. ಚೀಲದ ಜಿಪ್ ಹಾಕಿದ ಹಾಗೇ ಇಟ್ಟು ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಕರಾವಳಿಯಲ್ಲೋ ಮಲೆನಾಡಿನಲ್ಲೋ ಮಳೆಗಾಲದ ಮನೆಯಲ್ಲಿ ಕ್ಯಾಮೆರಾ ಬಿಟ್ಟು ಬರುವವರು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ, ಬೀರುವಿನಲ್ಲಿ ಬಟ್ಟೆ ನಡುವೆ ಸುತ್ತಿಡಬೇಡಿ. ವಿಮಾನದಲ್ಲಿ ಹೋಗುವಾಗ ಹೆಚ್ಚುವರಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿನಲ್ಲಿ ಹಾಕೋ ಹಾಗಿಲ್ಲ.

ಕೊನೆಗೆ ನನ್ನ ಉತ್ತರ. ಬಿಸಿಲಿನಲ್ಲಿ ಹಕ್ಕಿ, ಆಟ, ಮರುಭೂಮಿ ತೆಗೆಯುವವರು, ಧೂಳಿನಲ್ಲಿ ಕ್ಯಾಮೆರಾ ಹೊರತೆಗೆಯಲೇಬೇಕಾದವರು, ವಿಡಿಯೋಗೆ ಬಣ್ಣ ತುಂಬಿಸುವ ಕೆಲಸ ಕಲಿತವರು, ನೀವು 6400 ತಗೊಳ್ಳಿ. ಆ ದುಡ್ಡು ದಂಡ ಅಲ್ಲ. ಉಳಿದವರು, ಅಂದ್ರೆ ಮನೆಯವರ ಫೋಟೋ, ಊರಿನ ಹಬ್ಬ, ಮಕ್ಕಳ ಆಟ ಇಷ್ಟು ಬೇಕಾದವರು, ನನ್ನ ಲೆಕ್ಕದಲ್ಲಿ ಈ ಸಭೆಯಲ್ಲಿ ಕೂತಿರುವ ಹೆಚ್ಚಿನವರು, 6100 ತಗೊಂಡು ಮಿಕ್ಕಿದ್ದನ್ನು ಲೆನ್ಸಿಗೆ ಎತ್ತಿಡಿ. ಕೈಯಲ್ಲಿ ಈಗಾಗಲೇ 6400 ಇದೆ ಅಂತಾದ್ರೆ ಬೇಜಾರು ಬೇಡ, ನಿಮಗೂ ಮುಂದಿನ ಖರ್ಚು ಲೆನ್ಸೇ. ಎರಡೂ ಕೊಳ್ಳುವ ಶಕ್ತಿ ಈಗ ಇಲ್ಲದವರು ಸಾಲ ಮಾಡಬೇಡಿ, ಕ್ರೆಡಿಟ್ ಕಾರ್ಡ್ ಕಂತಿಗೆ ಹೋಗಬೇಡಿ. ಕೈಯಲ್ಲಿರುವ ಫೋನನ್ನು ಕಿಟಕಿಯ ಹತ್ತಿರದ ಬೆಳಕಿನಲ್ಲಿ ಬಳಸೋಕೆ ಕಲಿತರೆ ಈ ರಜೆಗೆ ಅದೇ ಸಾಕು.

ನನ್ನ ಹತ್ತಿರ ಇವತ್ತು ಎರಡೂ ಬಾಡಿ, ಕಿಟ್ ಲೆನ್ಸ್, 30 ಎಂಎಂ ಲೆನ್ಸ್ ಇವೆ, ಗೆಳೆಯರಿಂದ ತಂದದ್ದು. ಆ ಮೂಲೆಯ ಟ್ಯೂಬ್‌ಲೈಟ್ ಒಂದನ್ನೇ ಉಳಿಸಿ ಮಿಕ್ಕ ದೀಪ ಆರಿಸ್ತೀವಿ. ಒಬ್ಬೊಬ್ಬರಾಗಿ ಬಂದು ನಾಲ್ಕೂ ಜೋಡಿಯಲ್ಲಿ ಒಂದೊಂದು ಫೋಟೋ ತೆಗೆದು ಕಣ್ಣಾರೆ ನೋಡಿ. ನನ್ನ ಮಾತು ನಂಬೋದೇನೂ ಬೇಡ.  ಚಹಾ ಆ ಕಡೆ ಇಟ್ಟಿದ್ದಾರೆ, ಲೋಟ ಮಾತ್ರ ಕ್ಯಾಮೆರಾ ಟೇಬಲ್ ಹತ್ತಿರ ತರಬೇಡಿ.